ನಾಯಿಗೆ ಮಂಪರು ಇಂಜೆಕ್ಷನ್ ಕೊಡಿಸಿದ್ರಾ? ಮುಂದಿನ ಮೂರು ತಾಸು ಪಕ್ಕದಲ್ಲೇ ಇರಿ

ಮುಧೋಳ: ಗಾಯಕ್ಕೆ ಹೊಲಿಗೆ ಹಾಕಬೇಕು, ಹುಳ ಬಿದ್ದ ಕಿವಿ ಸ್ವಚ್ಛ ಮಾಡಬೇಕು, ಬೈಕ್ ಬಡಿದು ಮುರಿದ ಕಾಲಿನ ಎಕ್ಸ್‌ರೇ ತೆಗೀಬೇಕು. ನಾಯಿ ಸುಮ್ಮನೆ ನಿಲ್ಲಲ್ಲ, ನೋವಿರೋ ಜಾಗ ಮುಟ್ಟಿದ್ರೆ ಕಚ್ಚೋಕೆ ಬರುತ್ತೆ. ಪಶುವೈದ್ಯರು ಮಂಪರು ಇಂಜೆಕ್ಷನ್ ಕೊಡ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ನಾಯಿ ಒರಗುತ್ತೆ, ಕೆಲಸ ಮುಗಿಯುತ್ತೆ. ಆಮೇಲೆ ಅದನ್ನ ಆಟೋದಲ್ಲಿ ಕಾಲ ಹತ್ರ ಹಾಕ್ಕೊಂಡು, ಇಲ್ಲಾ ಬೈಕ್ ಮೇಲೆ ಇಬ್ಬರ ನಡುವೆ ಒತ್ತಿ ಹಿಡ್ಕೊಂಡು ಮನೆಗೆ ತರ್ತೀವಿ. ಪಡಸಾಲೆಯ ಮೂಲೆಯಲ್ಲಿ ಮಲಗಿಸಿ, "ಮತ್ತ ಇಳದ ಮ್ಯಾಲೆ ತಾನ ಏಳತೈತಿ ಬಿಡ್ರಿ" ಅಂತ ಎಲ್ಲರೂ ಅವರವರ ಕೆಲಸಕ್ಕೆ ಹೋಗ್ತಾರೆ.

ಬಹಳಷ್ಟು ನಾಯಿಗಳು ಏಳುತ್ತವೆ. ಕೆಲವು ಏಳಲ್ಲ. ಹಂಗೆ ಏಳದೇ ಹೋದಾಗ "ಡಾಕ್ಟ್ರು ಡೋಸ್ ಜಾಸ್ತಿ ಕೊಟ್ರು" ಅಂತ ಊರಲ್ಲಿ ಮಾತು ಹಬ್ಬುತ್ತೆ. ಡೋಸ್ ಸರಿ ಇದ್ದಾಗಲೂ ನಾಯಿಯ ಹೃದಯ, ಉಸಿರು ಕೈಕೊಡಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಹೆಂಗೆ, ಯಾವ ನಾಯಿಗೆ ಜಾಸ್ತಿ, ಮನೆಯವರು ಏನು ಮಾಡಬಹುದು ಅನ್ನೋದೇ ಈ ಬರಹ.

ಮೊದಲು ಒಂದು ಲೆಕ್ಕ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಮಂಪರು ಇಲ್ಲವೇ ಅರಿವಳಿಕೆ ಪಡೆದ 98,036 ನಾಯಿಗಳ ದಾಖಲೆ ಇಟ್ಟು ದೊಡ್ಡ ಅಧ್ಯಯನ ಮಾಡಿದ್ರು. 2008ರಲ್ಲಿ ಪ್ರಕಟ ಆಯ್ತು. ಒಟ್ಟಾರೆ ಸುಮಾರು 600 ನಾಯಿಗೆ ಒಂದು ಸತ್ತಿತ್ತು. ಆರೋಗ್ಯವಾಗಿದ್ದ ನಾಯಿಗಳನ್ನಷ್ಟೇ ತಗೊಂಡ್ರೆ ಸುಮಾರು 1,850ಕ್ಕೆ ಒಂದು. ಮೊದಲೇ ಕಾಯಿಲೆ ಬಿದ್ದಿದ್ದ ನಾಯಿಗಳಲ್ಲಿ 75ಕ್ಕೆ ಒಂದು. ಇನ್ನೊಂದು ಮಾತು ಇದಕ್ಕಿಂತ ಮುಖ್ಯ: ಸತ್ತ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧ, ಅಂದ್ರೆ ಶೇ 47ರಷ್ಟು, ಸತ್ತಿದ್ದು ಚಿಕಿತ್ಸೆ ಎಲ್ಲಾ ಮುಗಿದ ಮೇಲೆ. ಅದರಲ್ಲೂ ಅರ್ಧದಷ್ಟು ಮೊದಲ ಮೂರು ತಾಸಿನ ಒಳಗೆ.

ಅದು ಆಕ್ಸಿಜನ್, ಮಾನಿಟರ್ ಎಲ್ಲಾ ಇರೋ ದೇಶದ ಲೆಕ್ಕ. ನಮ್ಮ ತಾಲೂಕಿಗೆ ಅದೇ ಸಂಖ್ಯೆ ಹಚ್ಚೋಕೆ ಬರಲ್ಲ. ಆದ್ರೆ ಅಪಾಯ ಯಾವ ಹೊತ್ತಲ್ಲಿ ಬರುತ್ತೆ ಅನ್ನೋದು ಎಲ್ಲಾ ಕಡೆ ಒಂದೇ. ಟೇಬಲ್ ಮೇಲೆ ಇದ್ದಾಗ ಡಾಕ್ಟರ ಕೈ, ಕಣ್ಣು ನಾಯಿ ಮೇಲೆ ಇರುತ್ತೆ. ಮನೆಗೆ ಬಂದ ಮೇಲೆ ಯಾರ ಕಣ್ಣೂ ಇರಲ್ಲ.

ಬಿಪಿ ಔಷಧಿ ಮಾಡೋಕೆ ಹೋಗಿ ಸಿಕ್ಕಿದ್ದು

ನಮ್ಮ ಕಡೆ ಪಶು ಆಸ್ಪತ್ರೆಗಳಲ್ಲಿ ನಾಯಿ, ದನ, ಕುದುರೆ ಎಲ್ಲಕ್ಕೂ ಹೆಚ್ಚು ಬಳಕೆ ಆಗೋ ಮಂಪರು ಔಷಧಿ ಜೈಲಜಿನ್. 1962ರಲ್ಲಿ ಜರ್ಮನಿಯ ಬಾಯರ್ ಕಂಪನಿ ಇದನ್ನ ಮನುಷ್ಯರ ಬಿಪಿ ಇಳಿಸೋಕೆ ಅಂತ ತಯಾರು ಮಾಡಿತ್ತು. ಬಿಪಿ ಅತಿಯಾಗಿ ಬೀಳ್ತಿತ್ತು, ವಿಪರೀತ ಮಂಪರು ಬರ್ತಿತ್ತು. ಹಂಗಾಗಿ ಮನುಷ್ಯರಿಗೆ ಬೇಡ ಅಂತಾಯ್ತು, ಪ್ರಾಣಿಗಳಿಗೆ ಉಳೀತು. ಅಂದ್ರೆ ಹುಟ್ಟಿನಿಂದಲೇ ಇದು ಹೃದಯ, ರಕ್ತನಾಳದ ಮೇಲೆ ಕೆಲಸ ಮಾಡೋ ಔಷಧಿ. ನಿದ್ದೆ ಅದರ ಒಂದು ಗುಣ ಅಷ್ಟೇ.

ದೇಹಕ್ಕೆ ಹೋದ ಕೂಡಲೇ ಏನಾಗುತ್ತೆ ಅಂದ್ರೆ, ಮೊದಲು ರಕ್ತನಾಳಗಳು ಬಿಗಿಯಾಗ್ತವೆ. ಬಿಪಿ ಏರುತ್ತೆ. ಒತ್ತಡ ಏರಿದ್ದು ಗೊತ್ತಾಗಿ ದೇಹ ತಾನಾಗೇ ಹೃದಯದ ವೇಗ ಇಳಿಸುತ್ತೆ. ಆಮೇಲೆ ಮೆದುಳಿನ ಮೇಲೆ ಔಷಧಿ ಹಿಡಿತ ಬಂದಂಗೆ ಬಿಪಿಯೂ ಇಳಿಯುತ್ತೆ, ಹೃದಯ ಮಾತ್ರ ನಿಧಾನವಾಗೇ ಉಳಿಯುತ್ತೆ. ನಾಯಿಯ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 140 ಸಲ ಬಡಿಯುತ್ತೆ, ದೊಡ್ಡ ನಾಯಿಗೆ ಕಡಿಮೆ, ಸಣ್ಣದಕ್ಕೆ ಜಾಸ್ತಿ. ಈ ಔಷಧಿ ಹೋದ ಮೇಲೆ ಅದು ಅರ್ಧಕ್ಕೂ ಕೆಳಗೆ ಬರಬಹುದು. ಹೃದಯ ಹೊರಗೆ ದೂಡೋ ರಕ್ತವೂ ಅರ್ಧದಷ್ಟು ಇಳಿಯಬಹುದು. ಕೆಲವು ನಾಯಿಗಳಲ್ಲಿ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗೋ ವಿದ್ಯುತ್ ಸಂಕೇತವೇ ನಡುನಡುವೆ ತಪ್ಪುತ್ತೆ. ಆಗ ಬಡಿತ ಒಂದೆರಡು ಸಲ ಬಿಟ್ಟು ಬಿಟ್ಟು ಬರುತ್ತೆ.

ಹೊಲಕ್ಕೆ ನೀರು ಬಿಡೋರಿಗೆ ಇದನ್ನ ಹಿಂಗೆ ಹೇಳಬಹುದು. ಪೈಪಿನ ಗೇಟ್ ವಾಲ್ವ್ ಅರ್ಧ ಮುಚ್ಚಿದ್ರೆ ಮೋಟಾರಿನ ಮೇಲೆ ಲೋಡ್ ಬೀಳುತ್ತೆ, ಹೊಲದ ಕೊನೆ ಸಾಲಿಗೆ ನೀರು ಮುಟ್ಟಲ್ಲ. ಗಟ್ಟಿ ಮೋಟಾರ್ ತಡ್ಕೊಳ್ಳುತ್ತೆ. ಕಾಯಿಲ್ ಮೊದಲೇ ಸೋತಿದ್ರೆ ಸುಟ್ಟು ಹೋಗುತ್ತೆ. ಆರೋಗ್ಯವಂತ ನಾಯಿ ಈ ಒಂದೆರಡು ತಾಸು ದಾಟುತ್ತೆ. ಹೃದಯ ಮೊದಲೇ ಸೋತ ನಾಯಿಗೆ ಕಷ್ಟ.

"ಹೃದಯ ನಿಧಾನ ಆದ್ರೆ ಜೋರು ಮಾಡೋ ಇಂಜೆಕ್ಷನ್ ಕೊಟ್ರಾಯ್ತಲ್ಲ" ಅಂತ ಕೇಳೋರಿದ್ದಾರೆ. ಅಟ್ರೋಪಿನ್ ಅಂತ ಇದೆ. ಕೊಡ್ತಾರೆ ಕೂಡ. ಆದ್ರೆ ರಕ್ತನಾಳ ಬಿಗಿ ಇರೋವಾಗ ಹೃದಯವನ್ನ ಓಡಿಸಿದ್ರೆ ಮುಚ್ಚಿದ ವಾಲ್ವಿಗೆ ಎದುರಾಗಿ ಮೋಟಾರ್ ಜೋರು ಮಾಡಿದಂಗಾಗುತ್ತೆ. ಬಿಪಿ ವಿಪರೀತ ಏರಿ ಹೃದಯಕ್ಕೆ ಇನ್ನೂ ಹೊರೆ. ಯಾವಾಗ ಕೊಡಬೇಕು, ಯಾವಾಗ ಬೇಡ ಅನ್ನೋದನ್ನ ಆ ಹೊತ್ತಿನ ಸ್ಥಿತಿ ನೋಡಿ ಡಾಕ್ಟರೇ ನಿರ್ಧರಿಸಬೇಕು. ಜೈಲಜಿನ್ ಇಳಿಸೋಕೆ ಯೊಹಿಂಬಿನ್ ಅನ್ನೋ ಪ್ರತಿ ಔಷಧಿಯೂ ಇದೆ. ಇಂಜೆಕ್ಷನ್ ಚುಚ್ಚೋ ಮೊದಲೇ "ಸರ್, ಇದನ್ನ ಇಳಿಸೋ ಔಷಧಿ ನಿಮ್ಮಲ್ಲಿ ಐತಾ?" ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಯಾವ ಡಾಕ್ಟರೂ ಇದಕ್ಕೆ ಬೇಜಾರು ಮಾಡ್ಕೋಬಾರದು.

ಇನ್ನೊಂದು ಸಂಗತಿ, ದನ ಕಟ್ಟಿದೋರಿಗೆ ಆಶ್ಚರ್ಯ ಅನಿಸಬಹುದು. ದನಕ್ಕೆ ಇದೇ ಔಷಧಿ ಕುದುರೆಯ ಲೆಕ್ಕದ ಹತ್ತನೇ ಒಂದು ಪಾಲು ಸಾಕು. ಅಷ್ಟು ಸೂಕ್ಷ್ಮ. ಮೈ ದೊಡ್ಡದಿದ್ರೆ ಡೋಸ್ ದೊಡ್ಡದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಒಂದು ಪ್ರಾಣಿಗೆ ಬರೆದಿದ್ದನ್ನ ಇನ್ನೊಂದಕ್ಕೆ ಹಾಕಿದ್ರೆ ಏನಾಗುತ್ತೆ ಅಂತ ಇದರಿಂದಲೇ ತಿಳೀಬಹುದು.

ಉಸಿರಿನ ಕಥೆ ಬೇರೆ

ಮಂಪರಿನಲ್ಲಿ ಉಸಿರಾಟ ನಿಧಾನ ಆಗೋದು ಒಂದು. ಇದು ಎಲ್ಲರಿಗೂ ಗೊತ್ತು. ಗಂಟಲಿನ ಸ್ನಾಯು ಸಡಿಲಾಗಿ ನಾಲಿಗೆ ಹಿಂದಕ್ಕೆ ಜಾರಿ ಶ್ವಾಸನಾಳದ ಬಾಯಿ ಮುಚ್ಚೋದು ಎರಡನೇದು. ಬೈಕ್ ಮೇಲೆ ಗೋಣು ಮಡಚಿ ತಂದ್ರೆ ಆಗೋದು ಇದೇ. ಎದೆ ಏರಿಳಿತಾ ಇರುತ್ತೆ, ನೋಡೋರಿಗೆ ಉಸಿರಾಡ್ತಿದೆ ಅನಿಸುತ್ತೆ, ಆದ್ರೆ ಒಳಗೆ ಗಾಳಿ ಹೋಗಿರಲ್ಲ.

ಮೂರನೇದು ವಾಂತಿ. ಜೈಲಜಿನ್ ಹಾಕಿದ ಮೇಲೆ ಬಹಳ ನಾಯಿಗಳು ಪೂರ್ತಿ ಮಂಪರು ಹತ್ತೋ ಮೊದಲು ವಾಂತಿ ಮಾಡ್ಕೊಳ್ತವೆ. ಹೊಟ್ಟೆ ಖಾಲಿ ಇದ್ರೆ ಬರೀ ನೊರೆ ಬರುತ್ತೆ. ಮುಂಜಾನೆ ರೊಟ್ಟಿ ಹಾಲು ತಿನ್ನಿಸಿ ಕರ್ಕೊಂಡು ಹೋಗಿದ್ರೆ ಅದೆಲ್ಲಾ ಗಂಟಲಿಗೆ ಬರುತ್ತೆ, ಆ ಹೊತ್ತಿಗೆ ನುಂಗೋ ಶಕ್ತಿ, ಕೆಮ್ಮೋ ಶಕ್ತಿ ಎರಡೂ ಹೋಗಿರುತ್ತೆ. ವಾಂತಿ ಸೀದಾ ಪುಪ್ಪುಸಕ್ಕೆ ಇಳಿಯುತ್ತೆ. ಅಲ್ಲೇ ಉಸಿರುಗಟ್ಟಿ ಸಾಯಬಹುದು. ಸಾಯದೇ ಎದ್ದು ಓಡಾಡಿದ್ರೂ ಒಂದೆರಡು ದಿನದಲ್ಲಿ ನ್ಯುಮೋನಿಯಾ ಶುರುವಾಗಬಹುದು: ಜ್ವರ, ಕೆಮ್ಮು, ಊಟ ಬಿಡೋದು, ಕೂತಲ್ಲೇ ಬುಸುಬುಸು ಉಸಿರು. ಆವಾಗ ಮನೆಯವರು "ತಂಪಾಗೈತಿ" ಅಂತ ತಿಳ್ಕೊಳ್ತಾರೆ. ಮಂಪರು ಕೊಟ್ಟು ಮೂರು ದಿನದೊಳಗೆ ಇಂಥದ್ದು ಕಂಡ್ರೆ ಆಸ್ಪತ್ರೆಗೆ ಹೋದಾಗ ಮಂಪರು ಕೊಟ್ಟ ವಿಷಯ ಮೊದಲು ಹೇಳಬೇಕು.

ನಮ್ಮ ಜಿಲ್ಲೆಯ ಬೇಸಿಗೆಗೆ ಸೇರಿದ್ದು ನಾಲ್ಕನೇದು. ನಾಯಿ ನಮ್ಮ ಹಂಗೆ ಬೆವರಲ್ಲ, ನಾಲಿಗೆ ಚಾಚಿ ತೇಕಿ ತೇಕಿ ಮೈ ತಂಪು ಮಾಡ್ಕೊಳ್ಳುತ್ತೆ. ಮಂಪರಿನಲ್ಲಿ ತೇಕೋಕೆ ಆಗಲ್ಲ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲೋ, ಕಿಟಕಿ ಏರಿಸಿದ ಕಾರಿನಲ್ಲೋ ಮಲಗಿಸಿದ್ರೆ ಮೈ ಬಿಸಿ ಏರುತ್ತಾ ಹೋಗುತ್ತೆ, ನಾಯಿ ಮಿಸುಕಾಡಲ್ಲ. ಚಳಿಗಾಲದಲ್ಲಿ ಇದರ ಉಲ್ಟಾ. ಬರೀ ಕಲ್ಲು ಹಾಸಿನ ಮೇಲೆ ಮಲಗಿಸಿದ್ರೆ ಮೈ ತಣ್ಣಗಾಗಿ ಔಷಧಿ ದೇಹದಿಂದ ಹೋಗೋದೇ ತಡ ಆಗುತ್ತೆ. ಎರಡೂ ಕಾಲಕ್ಕೆ ನೆರಳು, ಗಾಳಿ, ಕೆಳಗೊಂದು ಗೋಣಿ ತಾಟು.

ಉಳಿದ ಔಷಧಿಗಳ ಬಗ್ಗೆ ಚುಟುಕಾಗಿ. ಜೈಲಜಿನ್ ಜೊತೆ ಕೆಟಮಿನ್ ಸೇರಿಸಿ ಕೊಡೋದು ರೂಢಿ. ಕೆಟಮಿನ್ ಹೃದಯವನ್ನ ಓಡಿಸುತ್ತೆ, ಬಿಪಿ ಏರಿಸುತ್ತೆ. ಕಣ್ಣು ತೆರೆದೇ ಇರುತ್ತೆ, ಹಂಗಾಗಿ "ಎಚ್ಚರ ಐತಿ" ಅಂತ ಮೋಸ ಹೋಗೋರು ಇದ್ದಾರೆ. ಜೈಲಜಿನ್ನಿಗೆ ಪ್ರತಿ ಔಷಧಿ ಇದ್ದಂಗೆ ಕೆಟಮಿನ್ನಿಗೆ ಇಲ್ಲ. ಟ್ರೈಫ್ಲುಪ್ರೊಮಜಿನ್, ಏಸ್‌ಪ್ರೊಮಜಿನ್ ಅನ್ನೋ ಇನ್ನೊಂದು ಗುಂಪು ಇದೆ, ಇವು ರಕ್ತನಾಳ ಸಡಿಲ ಮಾಡಿ ಬಿಪಿ ಬೀಳಿಸ್ತವೆ. ರಕ್ತ ಹೋದ ನಾಯಿಗೆ, ವಾಂತಿ ಭೇದಿಯಿಂದ ನೀರು ಬತ್ತಿದ ನಾಯಿಗೆ ಇವು ಕೆಟ್ಟದ್ದು. ಬಾಕ್ಸರ್ ತಳಿಯ ಕೆಲವು ನಾಯಿಗಳು ಏಸ್‌ಪ್ರೊಮಜಿನ್ ಸ್ವಲ್ಪ ಕೊಟ್ರೂ ಕುಸಿದು ಬೀಳ್ತವೆ. ಇದಕ್ಕೂ ಇಳಿಸೋ ಔಷಧಿ ಇಲ್ಲ, ಪ್ರಭಾವ ತಾಸುಗಟ್ಟಲೆ ಇರುತ್ತೆ.

ಪಗ್ ಸಾಕಿದೋರು ಇದನ್ನ ಓದಲೇಬೇಕು

2003ರ ಸುಮಾರಿಗೆ ಟಿವಿಯಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂತಲ್ಲ, ಹುಡುಗನ ಹಿಂದೆ ಹಿಂದೆ ಹೋಗೋ ಪಗ್ ನಾಯಿ. ಅಲ್ಲಿಂದ ಈ ತಳಿ ಊರೂರಿಗೆ ಬಂತು. ಚಪ್ಪಟೆ ಮೂತಿ ನೋಡೋಕೆ ಚೆಂದ. ಆದ್ರೆ ಮೂತಿಯ ಎಲುಬು ಚಿಕ್ಕದಾದ್ರೂ ಒಳಗಿನ ಮಾಂಸ ಚಿಕ್ಕದಾಗಿಲ್ಲ. ಮೂಗಿನ ಹೊಳ್ಳೆ ಸೀಳಿನಷ್ಟೇ ಇರುತ್ತೆ, ಅಂಗುಳಿನ ಹಿಂದಿನ ಮೆತ್ತನೆ ಭಾಗ ಉದ್ದವಾಗಿ ಗಂಟಲಿಗೆ ಜೋತು ಬಿದ್ದಿರುತ್ತೆ, ಶ್ವಾಸನಾಳವೂ ಸಣ್ಣದು. ಎಚ್ಚರ ಇದ್ದಾಗ ಅದು ಗಂಟಲಿನ ಸ್ನಾಯು ಬಿಗಿ ಹಿಡಿದು ಹೆಂಗೋ ದಾರಿ ತೆರೆದಿಟ್ಕೊಳ್ಳುತ್ತೆ. ಗೊರಕೆ ಹೊಡೀತಾ ಮಲಗೋದು ಮುದ್ದಾಗಿ ಕಾಣುತ್ತೆ, ನಿಜಕ್ಕೂ ಅದು ಉಸಿರಿಗೆ ಒದ್ದಾಟ. ಮಂಪರು ಕೊಟ್ಟಾಗ ಆ ಬಿಗಿ ಹೋಗುತ್ತೆ. ದಾರಿ ಮುಚ್ಚುತ್ತೆ. ಪಗ್, ಬುಲ್‌ಡಾಗ್, ಶಿಟ್ಜು, ಪೆಕಿಂಗೀಸ್, ಬಾಕ್ಸರ್ ಎಲ್ಲಾ ಈ ಗುಂಪಿನವೇ. ಇವಕ್ಕೆ ಮಂಪರು ಇಳಿಯೋ ಹೊತ್ತು ಹತ್ತೋ ಹೊತ್ತಿಗಿಂತ ಕೆಟ್ಟದ್ದು. ಪೂರ್ತಿ ಎಚ್ಚರ ಆಗಿ, ತಲೆ ತಾನೇ ಎತ್ತಿ ಹಿಡಿದು ಕೂರೋವರೆಗೂ ಆಸ್ಪತ್ರೆಯಿಂದ ಹೊರಡಬೇಡಿ.

ಡಾಬರ್‌ಮನ್ ಸಾಕಿದೋರಿಗೆ ಬೇರೆ ಚಿಂತೆ. ಈ ತಳಿಯಲ್ಲಿ ಹೃದಯದ ಸ್ನಾಯು ತೆಳುವಾಗಿ ಹಿಗ್ಗೋ ಕಾಯಿಲೆ ಹೆಚ್ಚು, ಹೊರಗೆ ಏನೂ ಕಾಣದೇ ವರ್ಷಗಟ್ಟಲೆ ಒಳಗೇ ಇರುತ್ತೆ. ಓಡಿದ್ರೆ ಬೇಗ ಸುಸ್ತಾಗೋದು, ರಾತ್ರಿ ಕೆಮ್ಮು, ಒಮ್ಮೊಮ್ಮೆ ಕಣ್ಣು ಕತ್ತಲೆ ಬಂದಂಗೆ ಬೀಳೋದು, ಇಂಥದ್ದೇನಾದ್ರೂ ನೋಡಿದ್ರೆ ಮಂಪರಿಗೆ ಮೊದಲು ಹೇಳಿ. ಹಂಗೇ ಮುದಿ ನಾಯಿ, ದಪ್ಪ ಆಗಿರೋ ಲ್ಯಾಬ್ರಡಾರ್, ಎದೆ ಆಳ ಇರೋ ಗ್ರೇಟ್ ಡೇನ್ ಕೂಡ ಲಕ್ಷ್ಯ ಬೇಡೋವೇ. ಗ್ರೇಟ್ ಡೇನ್‌ಗೆ ಮಂಪರಿನಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬೋ ಅಪಾಯವೂ ಉಂಟು.

ಇನ್ನು ನಮ್ಮದೇ ಮುಧೋಳ ನಾಯಿ. ಹಳ್ಳಿ ಹಳ್ಳಿಯಲ್ಲಿ ಇರೋದು, ತಿಮ್ಮಾಪುರದಲ್ಲಿ ಇದಕ್ಕಾಗೇ ಪಶುವೈದ್ಯಕೀಯ ವಿವಿಯ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಗಟ್ಟಿ ನಾಯಿ, ಅದಕ್ಕೇನೂ ಆಗಲ್ಲ ಅಂತ ನಾವಂದ್ಕೊಂಡಿದ್ದೀವಿ. ಓಟದಲ್ಲಿ ಗಟ್ಟಿ, ಹೌದು. ಆದ್ರೆ ಮೈಯಲ್ಲಿ ಕೊಬ್ಬು ಅನ್ನೋದು ಕಾಣಲ್ಲ. ಇದೇ ಮೈಕಟ್ಟಿನ ಗ್ರೇಹೌಂಡ್ ನಾಯಿಗಳ ಮೇಲೆ ದಶಕಗಳಿಂದ ಗೊತ್ತಿರೋ ಸಂಗತಿ ಅಂದ್ರೆ ಥಯೋಪೆಂಟೋನ್ ಅನ್ನೋ ಅರಿವಳಿಕೆ ಔಷಧಿ ಕೊಟ್ರೆ ಅವು ಬೇರೆ ನಾಯಿಗಳಿಗಿಂತ ಬಹಳ ತಡವಾಗಿ ಏಳ್ತವೆ. ಔಷಧಿ ಅಡಗಿ ಕೂರೋಕೆ ಕೊಬ್ಬಿಲ್ಲ, ಅವುಗಳ ಲಿವರ್ ಅದನ್ನ ಕರಗಿಸೋದೂ ನಿಧಾನ. ಹಂಗಾಗಿ ಮುಧೋಳ, ಕಾರವಾನ್, ಇಲ್ಲಾ ಅವುಗಳ ಮಿಶ್ರತಳಿ ಆಗಿದ್ರೆ ಡಾಕ್ಟರಿಗೆ ತಳಿ ಹೇಳೋದು, ಹಿಂದೆ ಮಂಪರು ಕೊಟ್ಟಾಗ ಏಳೋಕೆ ಎಷ್ಟು ಹೊತ್ತು ಹಿಡೀತು ಅಂತ ಹೇಳೋದು ಒಳ್ಳೇದು. ಬೇರೆ ಊರಿನ ಡಾಕ್ಟರ ಹತ್ರ ಒಯ್ದಾಗಂತೂ ಮರೀಬಾರದು.

ತಳಿ ಯಾವುದೇ ಇರಲಿ, ಉಣ್ಣಿ ಜ್ವರ ಬಂದು ವಸಡು ಬಿಳುಚಿದ ನಾಯಿ "75ಕ್ಕೆ ಒಂದು" ಅನ್ನೋ ಲೆಕ್ಕದ ಕಡೆ ಸರಿಯುತ್ತೆ. ರಕ್ತವೇ ಕಡಿಮೆ ಇದ್ದಾಗ ಆಕ್ಸಿಜನ್ ಒಯ್ಯೋರು ಯಾರು? ತುರ್ತು ಇಲ್ಲದ ಕೆಲಸ ಆಗಿದ್ರೆ ಜ್ವರ ವಾಸಿ ಆಗೋವರೆಗೆ ಮುಂದೂಡೋಣ್ವಾ ಅಂತ ಕೇಳಿ.

ಮೆಡಿಕಲ್ ಶಾಪ್‌ನವರಿಗೆ ಒಂದು ಮಾತು

ದೀಪಾವಳಿ ಬಂತು ಅಂದ್ರೆ, ಇಲ್ಲಾ ನಾಯಿ ಕರ್ಕೊಂಡು ದೂರ ಪ್ರಯಾಣ ಇದೆ ಅಂದ್ರೆ "ನಾಯಿಗೆ ನಿದ್ದಿ ಬರೋ ಗುಳಿಗಿ ಇದ್ರ ಕೊಡ್ರಿ" ಅಂತ ಕೌಂಟರಿಗೆ ಬರೋರು ಇರ್ತಾರೆ. ಮನೆಯಲ್ಲಿ ಹಿರಿಯರಿಗೆ ಬರೆದಿಟ್ಟ ಆಲ್‌ಪ್ರಜೋಲಾಮ್, ಡಯಾಜೆಪಾಮ್ ಪಟ್ಟಿಯಿಂದಲೇ ಒಂದು ಮುರಿದು ಹಾಕೋರೂ ಇದ್ದಾರೆ. ಇವೆರಡೂ ಶೆಡ್ಯೂಲ್ ಎಚ್1 ಔಷಧಿಗಳು, ಚೀಟಿ ಇಲ್ಲದೆ ಕೊಡೋ ಹಂಗಿಲ್ಲ, ಕೊಟ್ಟಿದ್ದನ್ನ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೀಬೇಕು. ಕೆಟಮಿನ್ ಶೆಡ್ಯೂಲ್ ಎಕ್ಸ್, ಇನ್ನೂ ಬಿಗಿ. ಇದು ಅಂಗಡಿಯವರಿಗೆ ಗೊತ್ತಿರೋದೇ. ಗಿರಾಕಿ ಪರಿಚಯದವರು ಅಂತ ಕೊಟ್ಟು ನಾಯಿ ಸತ್ರೆ ಲೈಸನ್ಸ್ ಇರೋರು ನೀವು, ಅವರಲ್ಲ.

ಅಂದ್ಕೊಂಡಂಗೆ ನಿದ್ದೆಯೂ ಬರಲ್ಲ ಅನ್ನೋದು ಇನ್ನೊಂದು. ಡಯಾಜೆಪಾಮ್ ಗುಂಪಿನ ಮಾತ್ರೆ ಕೆಲವು ನಾಯಿಗಳಿಗೆ ಉಲ್ಟಾ ಹೊಡೆದು ಚಡಪಡಿಕೆ ಹೆಚ್ಚಾಗುತ್ತೆ. ಏಸ್‌ಪ್ರೊಮಜಿನ್ ಥರದ್ದು ಕೊಟ್ರೆ ಮೈ ಅಲ್ಲಾಡಲ್ಲ, ಒಳಗೆ ಪಟಾಕಿ ಸದ್ದಿನ ಹೆದರಿಕೆ ಹಂಗೇ ಇರುತ್ತೆ. ನೋಡೋರಿಗೆ ಶಾಂತ ಆಯ್ತು ಅನಿಸುತ್ತೆ, ಅಷ್ಟೇ. ಸದ್ದಿಗೆ ಹೆದರೋ ನಾಯಿಗೆ ಅಂತಲೇ ಬೇರೆ ಔಷಧಿಗಳಿವೆ. ಹಬ್ಬಕ್ಕೆ ವಾರ ಇರುವಾಗಲೇ ಪಶುವೈದ್ಯರನ್ನ ಕೇಳಿದ್ರೆ ನೋಡಿ ಕೊಡ್ತಾರೆ. ಪ್ರಯಾಣದ ವಿಷಯದಲ್ಲಿ ಹೇಳೋದಾದ್ರೆ, ವಿಮಾನದಲ್ಲಿ ಕಳಿಸೋ ನಾಯಿಗೆ ಮಂಪರು ಕೊಡಬೇಡಿ ಅಂತ ಪಶುವೈದ್ಯ ಸಂಘಗಳೇ ಹೇಳ್ತವೆ. ಕಾರಣ ಇದೇ ಹೃದಯ, ಇದೇ ಉಸಿರು.

ಕರ್ಕೊಂಡು ಹೋಗೋ ಮೊದಲು

ದೊಡ್ಡ ನಾಯಿಗೆ ಸಾಮಾನ್ಯವಾಗಿ ಆರರಿಂದ ಎಂಟು ತಾಸು ಊಟ ಬೇಡ. ನೀರು ಹೊರಡೋವರೆಗೂ ಕೊಡಬಹುದು. ಸಣ್ಣ ಮರಿಗೆ ಅಷ್ಟು ಹೊತ್ತು ಉಪವಾಸ ಕೆಡವಿದ್ರೆ ಸಕ್ಕರೆ ಅಂಶ ಬೀಳುತ್ತೆ, ಅದಕ್ಕೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಅಪಘಾತ ಆಗಿ ತುರ್ತಾಗಿ ಒಯ್ದಿದ್ರೆ ಯಾವಾಗ ಏನು ತಿಂದಿತ್ತು ಅಂತ ನಿಜ ಹೇಳಿ. ಬಹಳ ಜನ ಬೈತಾರೇನೋ ಅಂತ "ಏನೂ ತಿಂದಿಲ್ರೀ" ಅಂದುಬಿಡ್ತಾರೆ. ಈ ಒಂದು ಸುಳ್ಳು ನಾಯಿಯ ಪುಪ್ಪುಸಕ್ಕೆ ಬರುತ್ತೆ.

ತೂಕ ಗೊತ್ತಿದ್ರೆ ಅರ್ಧ ಕೆಲಸ ಆದಂಗೆ. ತಕ್ಕಡಿ ಇಲ್ಲದ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಳತೆಯಲ್ಲೇ ಡೋಸ್ ಹಾಕಬೇಕಾಗುತ್ತೆ. ಕಿರಾಣಿ ಅಂಗಡಿಯ, ಗೊಬ್ಬರದ ಅಂಗಡಿಯ ಪ್ಲಾಟ್‌ಫಾರ್ಮ್ ತಕ್ಕಡಿ ಮೇಲೆ ನಾಯಿಯನ್ನ ನಿಲ್ಲಿಸಿ ತೂಗಿಕೊಂಡು ಹೋಗಬಹುದು. ಅಂಗಡಿಯವರು ಯಾರೂ ಬೇಡ ಅನ್ನಲ್ಲ. ನಾಯಿ ನಿಲ್ಲದಿದ್ರೆ ಎತ್ಕೊಂಡು ನೀವು ನಿಂತು ಆಮೇಲೆ ನಿಮ್ಮ ತೂಕ ಕಳೀರಿ.

ಆಸ್ಪತ್ರೆಯಲ್ಲಿ ಇನ್ನೊಂದು ಆಗುತ್ತೆ. ಇಂಜೆಕ್ಷನ್ ಹಾಕಿ ಐದು ನಿಮಿಷಕ್ಕೆ ನಾಯಿ ಇನ್ನೂ ನಿಂತಿದ್ರೆ "ಹತ್ತಲಿಲ್ಲ ಸರ್, ಇನ್ನೊಂದು ಹಾಕ್ರಿ" ಅಂತ ಮನೆಯವರೇ ಅವಸರ ಮಾಡ್ತಾರೆ. ಸುತ್ತ ನಾಲ್ಕು ಜನ ಗದ್ದಲ ಮಾಡ್ತಿದ್ರೆ, ಪಕ್ಕದಲ್ಲಿ ಇನ್ನೊಂದು ನಾಯಿ ಬೊಗಳ್ತಿದ್ರೆ ಮಂಪರು ತಡವಾಗೇ ಹತ್ತೋದು. ಎರಡನೇ ಡೋಸ್ ಹೋಗಿ ಹತ್ತು ನಿಮಿಷಕ್ಕೆ ಎರಡೂ ಒಟ್ಟಿಗೆ ಹಿಡ್ಕೊಳ್ತವೆ. ನೆರಳಿಗೆ ಕರ್ಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ, ಸುಮ್ಮನೆ ಹದಿನೈದು ನಿಮಿಷ ಕೂರಿ.

ಇಷ್ಟೆಲ್ಲಾ ಓದಿ ಹೆದರಿ ಮಂಪರೇ ಬೇಡ ಅನ್ನೋದೂ ಸರಿಯಲ್ಲ. ನಾಲ್ಕು ಜನ ಒತ್ತಿ ಹಿಡಿದು ಎಚ್ಚರ ಇರೋ ನಾಯಿಗೆ ಹೊಲಿಗೆ ಹಾಕೋದು ಹಿಂಸೆ, ಅದರಲ್ಲೂ ಹೆದರಿ ಒದ್ದಾಡಿ ಹೃದಯ ಕೈಕೊಡಬಹುದು. ಅಷ್ಟೇ ಅಲ್ಲ, ಕಚ್ಚಿಸ್ಕೊಳ್ಳೋರು ನೀವೇ.

ಆ ಮೂರು ತಾಸು

ಒಂದು ಬದಿಗೆ ಮಲಗಿಸಿ, ಗೋಣು ನೇರ ಮುಂದಕ್ಕೆ ಚಾಚಿರಲಿ, ನಾಲಿಗೆಯನ್ನ ಹೊರಗೆ ಎಳೆದು ಬಿಡಿ. ಬಾಯಿ ಕೆಳಮುಖ ಇರಲಿ, ವಾಂತಿ ಜೊಲ್ಲು ಹೊರಗೆ ಹರಿಯೋ ಹಂಗೆ. ಬೈಕ್ ಬೇಡ. ಆಟೋದಲ್ಲಿ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿ ತನ್ನಿ.

ಬಾಯಿಗೆ ನೀರು, ಹಾಲು, ಗ್ಲೂಕೋಸ್ ಏನೂ ಹಾಕಬೇಡಿ. ಪ್ರೀತಿಯಿಂದ ಮಾಡೋ ಈ ಕೆಲಸದಿಂದಲೇ ನಾಯಿ ಸಾಯೋದುಂಟು. ತಾನಾಗಿ ನಿಂತು, ತೂರಾಡದೇ ನಡೆದ ಮೇಲೆ ಮೊದಲು ಸ್ವಲ್ಪ ನೀರು, ಆಮೇಲೆ ಊಟ.

ಉಸಿರು ಎಣಿಸಿ. ಅರ್ಧ ನಿಮಿಷದಲ್ಲಿ ಎದೆ ಎಷ್ಟು ಸಲ ಏಳುತ್ತೆ ನೋಡಿ, ಅದರ ಎರಡರಷ್ಟು. ನಿಮಿಷಕ್ಕೆ ಎಂಟಕ್ಕಿಂತ ಕೆಳಗೆ ಇಳಿದ್ರೆ ಡಾಕ್ಟರಿಗೆ ಫೋನ್ ಮಾಡಿ. ಎದೆ ಒಳಕ್ಕೆ ಹೋಗುವಾಗ ಹೊಟ್ಟೆ ಉಬ್ಬೋದು, ಜೋರಾಗಿ ಗೊರಗೊರ ಸದ್ದು ಬರೋದು ಅಂದ್ರೆ ಗಂಟಲು ಮುಚ್ಚಿದೆ ಅಂತ, ಮೊದಲು ಗೋಣು ನಾಲಿಗೆ ಸರಿ ಮಾಡಿ. ವಸಡಿನ ಬಣ್ಣ ನೋಡಿ. ಈ ಔಷಧಿಯಲ್ಲಿ ಸ್ವಲ್ಪ ಬಿಳುಚೋದು ಸಹಜ, ನೀಲಿ ಇಲ್ಲಾ ಬೂದಿ ಬಣ್ಣ ಸಹಜ ಅಲ್ಲ. ಬೆರಳಿನಿಂದ ಒತ್ತಿ ಬಿಟ್ರೆ ಎರಡು ಸೆಕೆಂಡಿನ ಒಳಗೆ ಬಣ್ಣ ವಾಪಸ್ ಬರಬೇಕು. ವಸಡು ಹುಟ್ಟಿನಿಂದ ಕಪ್ಪಾಗಿದ್ರೆ ನಾಲಿಗೆ ನೋಡಿ. ನಾಡಿ ಸಿಗೋದು ಹಿಂಗಾಲಿನ ತೊಡೆಯ ಒಳಬದಿ.

ಕೊರೊನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಇದೆ. ನಾಲಿಗೆಗೆ ಹಾಕಿ ನೋಡೋರಿದ್ದಾರೆ. ರಕ್ತನಾಳ ಬಿಗಿ ಇರೋದ್ರಿಂದ ಅದು ತಪ್ಪು ಸಂಖ್ಯೆ ತೋರಿಸೋದು ಜಾಸ್ತಿ. ನಿಮ್ಮ ಕಣ್ಣನ್ನೇ ನಂಬಿ.

ಇನ್ನೊಂದು, ಮುಖ ಹತ್ರ ತಗೊಂಡು ಹೋಗಿ ಕರೀಬೇಡಿ. ಜೈಲಜಿನ್ ಮಂಪರಿನಲ್ಲಿರೋ ನಾಯಿ ಸದ್ದಾದ್ರೆ ಗಕ್ಕನೆ ಎದ್ದು ಕಚ್ಚಿ ಮತ್ತೆ ಮಲಗಿಬಿಡಬಹುದು. ಮಕ್ಕಳನ್ನ ದೂರ ಇಡಿ. ಕಚ್ಚಿದ್ರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಮೂರು ತಾಸಾದ್ರೂ ಕರೆದ್ರೆ ಕಿವಿ ಅಲ್ಲಾಡಿಸಲ್ಲ, ಕಾಲ ಬೆರಳ ನಡುವೆ ಚಿವುಟಿದ್ರೆ ಎಳ್ಕೊಳ್ಳಲ್ಲ ಅಂದ್ರೆ ಕಾಯಬೇಡಿ. ಇಂಜೆಕ್ಷನ್ ಕೊಟ್ಟ ಡಾಕ್ಟರ ನಂಬರ್ ಬರ್ಕೊಂಡೇ ಬಂದಿರಬೇಕು. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962 ಮುಖ್ಯವಾಗಿ ದನಕರುಗಳಿಗೆ ಇರೋದು, ಡಾಕ್ಟರ್ ಸಿಗದಿದ್ರೆ ಅಲ್ಲಿ ಕೇಳಿ ನೋಡಬಹುದು. (ಜೈಲಜಿನ್ ಹುಟ್ಟಿದ ವರ್ಷವೂ ಈ ನಂಬರೂ ಒಂದೇ ಆಗಿರೋದು ಕಾಕತಾಳೀಯ.)

ಉಸಿರು ನಿಂತೇ ಹೋದ್ರೆ? ಬಾಯಲ್ಲಿ ಏನಾದ್ರೂ ಇದ್ರೆ ಬಟ್ಟೆಯಿಂದ ತೆಗೀರಿ. ಬದಿಗೆ ಮಲಗಿಸಿ ಎದೆಯ ಅಗಲ ಜಾಗದ ಮೇಲೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಮುಧೋಳದಂಥ ಎದೆ ಕಿರಿದಾದ ನಾಯಿಗೆ ಮುಂಗಾಲಿನ ಮೊಣಕೈ ಹಿಂದೆ, ಹೃದಯದ ಮೇಲೆಯೇ. 30 ಸಲ ಒತ್ತಿ, ಬಾಯಿ ಮುಚ್ಚಿ ಹಿಡಿದು ಮೂಗಿನಲ್ಲಿ ಎರಡು ಸಲ ಊದಿ, ಮತ್ತೆ ಒತ್ತಿ. ರೇಬಿಸ್ ಲಸಿಕೆ ಆಗಿರೋ ನಿಮ್ಮದೇ ನಾಯಿಗೆ ಮಾತ್ರ ಊದೋದು. ಬೀದಿ ನಾಯಿಗೆ ಬರೀ ಒತ್ತೋದು ಸಾಕು. ಮಂಪರಿನಿಂದ ನಿಂತ ಹೃದಯ ಮತ್ತೆ ಶುರುವಾಗೋ ಸಾಧ್ಯತೆ ಕಾಯಿಲೆಯಿಂದ ನಿಂತ ಹೃದಯಕ್ಕಿಂತ ಹೆಚ್ಚು, ಹಂಗಾಗಿ ಡಾಕ್ಟರ್ ಬರೋವರೆಗೆ ಕೈ ಬಿಡಬೇಡಿ.

ಅಂಗಡಿ ಮುಂದಿನ ನಾಯಿ

ಬೀದಿ ನಾಯಿಗಳ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳ್ತವೆ. ಅದಕ್ಕೂ ಮಂಪರು, ಅರಿವಳಿಕೆ ಬೇಕೇ ಬೇಕು. ಈ ನಾಯಿಗಳ ಹಿಂದು ಮುಂದು ಯಾರಿಗೂ ಗೊತ್ತಿರಲ್ಲ, ತೂಕ ಅಂದಾಜು, ಹೊಟ್ಟೆಯಲ್ಲಿ ಏನಿದೆ ಅದೂ ಅಂದಾಜು. ಗೊತ್ತಿರೋದು ದಿನಾ ಬೆಳಗ್ಗೆ ಪಾರ್ಲೆಜಿ ಹಾಕೋ ಚಹಾದಂಗಡಿಯವರಿಗೆ, ಸಂಜೆ ಎಲುಬು ಹಾಕೋ ಖಾನಾವಳಿಯವರಿಗೆ.

ನಾಯಿ ಹಿಡಿಯೋ ಗಾಡಿ ನಾಳೆ ನಿಮ್ಮ ಓಣಿಗೆ ಬರುತ್ತೆ ಅಂತ ಗೊತ್ತಾದ್ರೆ ಆವತ್ತು ಬೆಳಗ್ಗೆ ಬಿಸ್ಕಿಟ್ ಹಾಕಬೇಡಿ. ಹಾಕಿ ಆಗಿದ್ರೆ ಗಾಡಿಯವರಿಗೆ ಹೇಳಿ, ಅವರು ಆಪರೇಷನ್ ತಡ ಮಾಡಬಹುದು. ಕೆಮ್ಮೋ ನಾಯಿ, ಹೊಟ್ಟೆ ತುಂಬಿದ ಗಬ್ಬದ ನಾಯಿ, ವಾರದಿಂದ ಊಟ ಬಿಟ್ಟ ನಾಯಿ ಯಾವುದು ಅಂತ ಬೆರಳು ಮಾಡಿ ತೋರಿಸಿ. ಹುಡುಗರು ಕಲ್ಲು ಹೊಡೆದು ಓಡಿಸಿ ಹಿಡಿಯೋಕೆ ಸಹಾಯ ಮಾಡ್ತೀವಿ ಅಂತ ಬಂದ್ರೆ ತಡೀರಿ, ಓಡಿ ಸುಸ್ತಾದ ನಾಯಿಗೆ ಮಂಪರು ಕೊಡೋದು ಹೆಚ್ಚು ಅಪಾಯ. ಒಂದು ಕಿವಿಯ ತುದಿ ಕತ್ತರಿಸಿದ ಗುರುತು ಇದ್ರೆ ಆ ನಾಯಿಗೆ ಆಪರೇಷನ್ ಆಗಿದೆ ಅಂತ ಅರ್ಥ. ಗೊತ್ತಿಲ್ಲದೆ ಅದಕ್ಕೂ ಬಲೆ ಹಾಕಿದ್ರೆ, "ಇದಕ್ಕ ಆಗೈತ್ರೀ, ಕಿವಿ ನೋಡ್ರಿ" ಅಂತ ಹೇಳಿ ಬಿಡಿಸಿಕೊಳ್ಳಿ.